ಲಾರಿ ಪ್ಲೇಟಿನ ಕತ್ತಿಗೆ ಬಿಸಿ ಹೊಂಗೆ ಎಣ್ಣೆ

ಈ ಸಲ ಮಳೆ ಹಿಡಿಯುವ ಮುಂಚೆ ಕೊಟ್ಟ ಕತ್ತಿಗಳಲ್ಲಿ ಒಂದೂ ವಾಪಸ್ ಬಂದಿಲ್ಲ. ಬಾಯಿ ಮಡಚಿಲ್ಲ, ಚಕ್ಕೆ ಎದ್ದಿಲ್ಲ, ಬೆನ್ನಿನವರೆಗೆ ಬಿರುಕು ಓಡಿಲ್ಲ. ಬೇಣದಲ್ಲಿ ಹಳು ಸವರಿದವರು, ಸೊಪ್ಪು ಕಡಿದವರು, ಒಣಗಿದ ಅಕೇಶಿಯಾ ಗಂಟಿಗೆ ಬೇಕಂತಲೇ ಹೊಡೆದು ನೋಡಿದವರು, ಎಲ್ಲರೂ ಇನ್ನೊಂದು ಬೇಕು ಅಂತಿದ್ದಾರೆ. ಹಾಗಾಗಿ ಈಗ ಬರೆಯಬಹುದು ಅನಿಸಿತು. ಎರಡು ವರ್ಷದ ಹಿಂದೆ ಬರೆದಿದ್ದರೆ ನಮ್ಮ ತೀರ್ಥಹಳ್ಳಿ ಕಡೆಯ ಕುಲುಮೆಯವರೆಲ್ಲ ಸೇರಿ ನಗುತ್ತಿದ್ದರು. ಆಗಲೂ ನಗುತ್ತಿದ್ದರು ಅನ್ನಿ.

ಕುಲುಮೆ ಕಟ್ಟೋದು, ಇಕ್ಕಳ ಹಿಡಿಯೋದು, ಅಲಗು ತಟ್ಟೋದು ಇದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಓದುವವರು ಸುತ್ತಿಗೆ ಹಿಡಿದವರೇ ಅಂದುಕೊಂಡಿದ್ದೇನೆ. ಹೇಳಬೇಕಾದ್ದು ಹದದ ವಿಷಯ ಮಾತ್ರ. ಅಂದರೆ ತಟ್ಟಿ ಮುಗಿದ ಮೇಲೆ ಬಾಯಿ ಗಟ್ಟಿಯಾಗಲಿ ಅಂತ ಕಾಯಿಸಿ ಅದ್ದುವ ಆ ಕೆಲವು ಸೆಕೆಂಡು. ಅರ್ಧ ದಿನದ ಕೆಲಸ ಉಳಿಯೋದೂ ಅಲ್ಲೇ, ಹಾಳಾಗೋದೂ ಅಲ್ಲೇ.

ನಮ್ಮ ಅಜ್ಜನ ಕಾಲದಲ್ಲಿ ಕತ್ತಿ ಮಾಡುತ್ತಿದ್ದದ್ದು ಗಾಡಿ ಚಕ್ರದ ಪಟ್ಟಿಯಲ್ಲಿ, ಸವೆದ ಕುಳದಲ್ಲಿ, ಮುರಿದ ಹಾರೆಯಲ್ಲಿ. ಮೈ ಮೆತ್ತನೆ ಕಬ್ಬಿಣ, ಬಾಯಿಗೆ ಮಾತ್ರ ಉಕ್ಕು. ಅದಕ್ಕೆ ನೀರೇ ಸರಿ. ಬಾಯಿ ಅದ್ದಿ ತೆಗೆದು, ಕಲ್ಲಿಗೆ ತಿಕ್ಕಿ, ಬೆನ್ನಿನ ಬಿಸಿ ಬಾಯಿಗೆ ಇಳಿಯುವಾಗ ಒಣಹುಲ್ಲಿನ ಬಣ್ಣ ಬಂದ ಕೂಡಲೇ ಮತ್ತೆ ಅದ್ದುತ್ತಿದ್ದರು. ಅದ್ಭುತ ಕೈಚಳಕ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಲಾರಿ, ಜೀಪುಗಳ ಕಮಾನು ಪ್ಲೇಟು, ಅಂದರೆ ಗಾಡಿಯ ಭಾರ ತಡೆಯುವ ಸ್ಪ್ರಿಂಗ್ ಪಟ್ಟಿ, ಗುಜರಿಯಲ್ಲಿ ಸಿಗೋಕೆ ಶುರುವಾಯಿತು. ಎಲ್ಲರೂ ಮಾಲು ಬದಲಿಸಿದರು, ನೀರು ಬದಲಿಸಲಿಲ್ಲ. ಪ್ಲೇಟು ಮೈಯೆಲ್ಲ ಉಕ್ಕು. ಇಂಗಾಲ ಅರ್ಧ ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ, ಜೊತೆಗೆ ಸಿಲಿಕಾನೋ ಮ್ಯಾಂಗನೀಸೋ ಕ್ರೋಮಿಯಮ್ಮೋ ಸೇರಿರುತ್ತದೆ. ಅದು ನೀರಿನ ಏಟು ತಡೆಯಲ್ಲ.

ತಡೆಯಲ್ಲ ಅನ್ನೋದು ಕಿವಿಗೇ ಕೇಳುತ್ತದೆ. ಅದ್ದಿದ ಒಂದೆರಡು ಸೆಕೆಂಡಿಗೆ ಬಕೆಟ್ಟಿನೊಳಗಿಂದ ಸಣ್ಣಗೆ 'ಟಿಣ್' ಅನ್ನುತ್ತದೆ. ಆ ಸದ್ದು ಕೇಳಿದ ಮೇಲೆ ಕತ್ತಿ ಹೊರಗೆ ತೆಗೆಯೋಕೂ ಮನಸ್ಸಾಗಲ್ಲ. ಬಾಯಿಂದ ಬೆನ್ನಿನ ಕಡೆಗೆ ಕೂದಲೆಳೆಯಷ್ಟು ಗೆರೆ. ನನಗೆ ಹತ್ತರಲ್ಲಿ ಮೂರೋ ನಾಲ್ಕೋ ಹೀಗೆ ಹೋಗುತ್ತಿದ್ದವು. ಇನ್ನು ಕೆಲವು ಸದ್ದೇ ಮಾಡದೆ ಗಿರಾಕಿ ಕೈಗೆ ಹೋಗಿ, ಅಲ್ಲಿ ಒಡೆದು, ಮುರಿದ ತುಂಡಿನ ಸಮೇತ ವಾಪಸ್ ಬರುತ್ತಿದ್ದವು. ದುಡ್ಡು ವಾಪಸ್ ಕೊಡು, ಇಲ್ಲ ಇನ್ನೊಂದು ಮಾಡಿಕೊಡು. ಒಂದು ವರ್ಷವಂತೂ ಸೀಸನ್ ಮುಗಿದ ಮೇಲೆ ಲೆಕ್ಕ ಹಾಕಿದರೆ ಹದಿನೆಂಟೋ ಇಪ್ಪತ್ತೋ ಸಾವಿರ ಬರೀ ಒಡಕಿನಲ್ಲೇ ಹೋಗಿತ್ತು. ನಮ್ಮಂಥ ಸಣ್ಣ ಕುಲುಮೆಗೆ ಅದು ಸಣ್ಣ ಮೊತ್ತ ಅಲ್ಲ.

ನೀರಿಗೆ ಉಪ್ಪು ಹಾಕು ಅಂದರು ಒಬ್ಬರು. ಹಾಕಿದೆ, ಇನ್ನೂ ಜೋರಾಗಿ ಒಡೆದವು. ಉಪ್ಪುನೀರು ಇನ್ನೂ ಬೇಗ ಬಿಸಿ ಎಳೆಯುತ್ತದೆ, ಒಡೆಯದೆ ಏನು ಮಾಡುತ್ತೆ! ಉಗುರುಬೆಚ್ಚಗಿನ ನೀರು ನೋಡಿದೆ. ಒಡೆಯೋದು ಕಮ್ಮಿಯಾಯಿತು, ಆದರೆ ಒಂದೇ ಅಲಗಿನಲ್ಲಿ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತ್ತಗೆ. ಅರ ಇಟ್ಟು ಎಳೆದರೆ ಗಟ್ಟಿ ಇದ್ದ ಕಡೆ ಜಾರುತ್ತದೆ, ಎರಡು ಬೆರಳು ಆಚೆ ಮೆತ್ತಗಿದ್ದಲ್ಲಿ ಕಚ್ಚುತ್ತದೆ. ಆಮೇಲೆ ಗ್ಯಾರೇಜಿಂದ ಸುಟ್ಟ ಇಂಜಿನ್ ಆಯಿಲ್ ತಂದೆ. ಪುಕ್ಕಟೆ ಸಿಗುತ್ತದೆ ಅಲ್ವಾ. ಹದ ಪರವಾಗಿಲ್ಲ ಅನ್ನುವಂತೆ ಬಂತು, ಒಡೆಯೋದೂ ನಿಂತಿತು. ಆದರೆ ಆ ಹೊಗೆ! ಕಣ್ಣು ಉರಿದು ಎರಡು ದಿನ ಕೆಂಪಗಿರುತ್ತಿತ್ತು. ಅಡುಗೆ ಚಾಕು ತಗೊಂಡು ಹೋದ ಅಕ್ಕ ಒಬ್ಬರು, ಈರುಳ್ಳಿ ಹೆಚ್ಚಿದರೆ ಲಾರಿ ವಾಸನೆ ಬರುತ್ತೆ ಅಂತ ತಂದು ಎದುರಿಗೇ ಇಟ್ಟರು. ಆ ಸುಟ್ಟ ಎಣ್ಣೆಯಲ್ಲಿ ಏನೇನು ಸೇರಿರುತ್ತೋ, ಅದರಲ್ಲಿ ಅದ್ದಿದ್ದನ್ನು ತರಕಾರಿ ಹೆಚ್ಚೋಕೆ ಕೊಡೋದು ನನಗೂ ಸರಿ ಅನಿಸಲಿಲ್ಲ.

ಹೊಂಗೆ ಎಣ್ಣೆ ತಲೆಗೆ ಬಂದದ್ದು ಸುಮ್ನೆ. ನಮ್ಮ ಅಟ್ಟದಲ್ಲಿ ಒಂದು ಕ್ಯಾನ್ ಇತ್ತು, ತೋಟಕ್ಕೆ ಹೊಡೆಯೋಕೆ ತಂದದ್ದು. ಅಡುಗೆಗೆ ಆಗದ ಎಣ್ಣೆ, ಹಾಳಾದರೂ ಯಾರೂ ಬೈಯಲ್ಲ. ದೊಡ್ಡಪ್ಪ ನೋಡಿ ಹೇಳಿದ್ದು ಇಷ್ಟೇ: "ಎಣ್ಣೆ ಇರೋದು ಬಜ್ಜಿ ಕರಿಯೋಕೆ ಮಾರಾಯ, ಕತ್ತಿ ಕರಿಯೋಕಲ್ಲ." ಊರೆಲ್ಲ ಈ ಮಾತು ಓಡಾಡಿತು. ಪೇಟೆಗೆ ಹೋದರೆ, ಏನಪ್ಪ ಇವತ್ತು ಎಷ್ಟು ಬಜ್ಜಿ ಆಯ್ತು ಅಂತ ಕೇಳೋರು.

ಮೊದಲ ಸಲ ಅವರು ಹೇಳಿದ್ದೇ ನಿಜವಾಯಿತು. ಆಷಾಢದ ಮಳೆ, ಕುಲುಮೆಯ ನೆಲವೆಲ್ಲ ತಣ್ಣಗೆ, ಎಣ್ಣೆ ಜೇನುತುಪ್ಪದ ಹಾಗೆ ಮಂದ. ಕತ್ತಿ ಅದ್ದಿದೆ, ತೆಗೆದೆ, ಅರ ಇಟ್ಟೆ. ಅರ ಆರಾಮಾಗಿ ಕಚ್ಚಿತು. ಮೆತ್ತಗೆ. ಇನ್ನೊಂದು ಅದ್ದಿದೆ, ಅದೂ ಮೆತ್ತಗೆ. ಎಣ್ಣೆ ಇನ್ನೂ ತಣ್ಣಗಿರಬೇಕೇನೋ ಅಂತ ಕ್ಯಾನನ್ನು ರಾತ್ರಿಯೆಲ್ಲ ಬಾವಿಕಟ್ಟೆ ಹತ್ತಿರ ಇಟ್ಟು ನೋಡಿದೆ. ಇನ್ನೂ ಮೆತ್ತಗಾಯಿತು. ದೊಡ್ಡಪ್ಪ ಏನೂ ಅನ್ನಲಿಲ್ಲ, ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಅದು ಬೈಗುಳಕ್ಕಿಂತ ಕಷ್ಟ.

ಗುಟ್ಟು ಸಿಕ್ಕಿದ್ದು ದೊಡ್ಡ ಆರ್ಡರಿನ ದಿನ. ಒಂದು ತೋಟದವರು ಆಳುಗಳಿಗೆಲ್ಲ ಕತ್ತಿ ಬೇಕು ಅಂದಿದ್ದರು. ಹೇಗೂ ಹಟ ಅಲ್ವಾ, ಎಣ್ಣೆಯಲ್ಲೇ ಅದ್ದುತ್ತಾ ಹೋದೆ, ಒಂದರ ಹಿಂದೆ ಒಂದು. ಸಂಜೆ ಅರ ಇಟ್ಟು ನೋಡಿದರೆ ಮೊದಲು ಅದ್ದಿದವು ಮೆತ್ತಗೆ, ಕೊನೆಗೆ ಅದ್ದಿದವು ಗಾಜಿನ ಮೇಲೆ ಎಳೆದ ಹಾಗೆ ಅರ ಜಾರುತ್ತಿದೆ. ಮಾಲು ಅದೇ, ಬೆಂಕಿ ಅದೇ, ಕೈ ಅದೇ. ಬದಲಾದದ್ದು ಒಂದೇ: ಅಷ್ಟು ಕೆಂಡದಂಥ ಅಲಗು ಮುಳುಗಿಸಿ ಎಣ್ಣೆ ಬಿಸಿಯಾಗಿತ್ತು. ಬಿಸಿಯಾದ ಎಣ್ಣೆ ತೆಳ್ಳಗಾಗುತ್ತದೆ, ಅಲಗಿನ ಸುತ್ತ ಸರಸರ ಓಡಾಡುತ್ತದೆ, ಬಿಸಿಯನ್ನು ಬೇಗ ಎಳೆದುಕೊಂಡು ಹೋಗುತ್ತದೆ. ತಣ್ಣನೆ ಮಂದ ಎಣ್ಣೆ ಅಲಗಿಗೆ ಅಂಟಿಕೊಂಡು ಅಲ್ಲೇ ಕೂರುತ್ತದೆ. ಇದನ್ನು ಹೇಳಿದರೆ ಇವತ್ತಿಗೂ ಅರ್ಧ ಜನ ನಂಬಲ್ಲ. ತಣಿಸೋಕೆ ಬಿಸಿ ಎಣ್ಣೆನಾ ಅಂತಾರೆ. ಹೌದು, ಬಿಸಿ ಎಣ್ಣೆಯೇ.

ಈಗ ಏನು ಮಾಡುತ್ತೇನೆ ಅಂದರೆ, ಒಂದು ಹಾರೆ ತುಂಡನ್ನು ಕೆಂಪಗೆ ಕಾಯಿಸಿ ಮೊದಲು ಎಣ್ಣೆಗೆ ಬಿಡುತ್ತೇನೆ, ಕಲಕುತ್ತೇನೆ. ಐವತ್ತರಿಂದ ಅರವತ್ತು ಡಿಗ್ರಿ ಸಾಕು. ಅಡುಗೆಮನೆಯ ಥರ್ಮಾಮೀಟರ್ ಮುನ್ನೂರು ರೂಪಾಯಿಗೆ ಬರುತ್ತದೆ, ಬೆರಳು ಅದ್ದಿ ನೋಡುವ ಶೌರ್ಯ ಬೇಡ. ಅದಕ್ಕಿಂತ ತುಂಬಾ ಬಿಸಿಯಾದರೆ ಮತ್ತೆ ಮೆತ್ತಗಾಗುತ್ತದೆ, ಬೆಂಕಿ ಹತ್ತೋ ಭಯವೂ ಜಾಸ್ತಿ. ಹಾಗಾಗಿ ಎಣ್ಣೆ ಜಾಸ್ತಿ ಇರಬೇಕು. ಐದು ಲೀಟರ್ ಇಟ್ಟುಕೊಂಡರೆ ನಾಲ್ಕು ಕತ್ತಿಗೇ ಕಾದು ಹೋಗುತ್ತದೆ. ನಾನು ಬೋರ್‌ವೆಲ್ಲಿನ ಹಳೇ ಕಬ್ಬಿಣದ ಕೇಸಿಂಗ್ ಪೈಪು ಎರಡಡಿ ಕತ್ತರಿಸಿ, ಕೆಳಗೆ ತಗಡು ವೆಲ್ಡ್ ಮಾಡಿಸಿ, ನೆಟ್ಟಗೆ ನಿಲ್ಲಿಸಿದ್ದೇನೆ. ಆರಿಂಚಿನ ಪೈಪು, ಹತ್ತು ಲೀಟರ್ ಹಿಡಿಯುತ್ತದೆ. ಎಣ್ಣೆ ಲೀಟರಿಗೆ ನೂರೈವತ್ತರ ಆಜುಬಾಜು ಕೊಟ್ಟ ನೆನಪು. ಎತ್ತರದ ಪೈಪಿನ ಲಾಭ ಏನಂದರೆ ಕತ್ತಿ ನೇರ ಕೆಳಗಿಳಿಯುತ್ತದೆ. ಇಳಿಸಿದ ಮೇಲೆ ಮೇಲೆ ಕೆಳಗೆ ಮಾತ್ರ ಆಡಿಸಬೇಕು. ಅಡ್ಡ ಆಡಿಸಿದರೆ ಒಂದು ಮಗ್ಗುಲು ಬೇಗ ತಣಿದು ಅಲಗು ಸೊಟ್ಟಗಾಗುತ್ತದೆ. ಹಿಡಿಯೊಳಗೆ ಹೋಗುವ ತುದಿ ಬಿಟ್ಟು ಉಳಿದ ಕೆಂಪು ಭಾಗ ಪೂರ್ತಿ ಮುಳುಗಲೇಬೇಕು. ಅರ್ಧ ಮುಳುಗಿಸಿ ನಿಂತರೆ ಎಣ್ಣೆಯ ಮೇಲೆ ಭಗ್ ಅಂತ ಉರಿ ಏಳುತ್ತದೆ. ಪೈಪಿಗೆ ಮುಚ್ಚಳ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರಲಿ. ಉರಿಯುವ ಎಣ್ಣೆಗೆ ನೀರು ಹಾಕಬೇಡಿ, ಅದು ಎಲ್ಲರಿಗೂ ಗೊತ್ತಿರೋದೇ.

ಬೆಂಕಿ ವಿಷಯ. ನಾನು ಉರಿಸೋದು ಇದ್ದಿಲು, ಅದರಲ್ಲೂ ಅರ್ಧಕ್ಕರ್ಧ ತೆಂಗಿನ ಗೆರಟೆಯ ಇದ್ದಿಲು. ಇದ್ದಿಲಿಗೆ ಶಕ್ತಿ ಇಲ್ಲ, ಕಲ್ಲಿದ್ದಲೇ ಬೇಕು ಅನ್ನೋರಿಗೆ ನಾನು ಭದ್ರಾವತಿ ತೋರಿಸುತ್ತೇನೆ. 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಿರು ಕರಗಿಸಿದ್ದು ನಮ್ಮ ಕಾಡಿನ ಕಟ್ಟಿಗೆಯ ಇದ್ದಿಲಿನಲ್ಲೇ. ಅದಿರು ಕರಗಿಸಿದ ಇದ್ದಿಲಿಗೆ ಒಂದು ಕತ್ತಿ ಕಾಯಿಸೋಕೆ ಆಗಲ್ವಾ? ಗೆರಟೆ ಇದ್ದಿಲಿನ ತೊಂದರೆ ಬೇರೆ, ಚಟಪಟ ಸಿಡಿಯುತ್ತದೆ. ಶರ್ಟಿಗೆಲ್ಲ ತೂತು.

ಬರೀ ಕೆಂಡದ ಮೇಲಿಟ್ಟರೆ ತೆಳ್ಳನೆ ತುದಿ ಮೊದಲು ಕಾದು, ದಪ್ಪ ಭಾಗ ಹಿಂದೆ ಬೀಳುತ್ತದೆ. ಅದಕ್ಕೆ ಕೆಂಡದ ಮಧ್ಯೆ ಒಂದು ಕಬ್ಬಿಣದ ಪೈಪು ಮಲಗಿಸಿ, ಕತ್ತಿಯನ್ನು ಅದರೊಳಗೆ ತೂರಿಸುತ್ತೇನೆ. ಒಲೆಯೊಳಗೆ ಒಲೆ. ಅಲಗು ಒಂದೇ ಸಮ ಕಾಯುತ್ತದೆ, ಊದುವ ಗಾಳಿ ನೇರ ಬಡಿಯಲ್ಲ, ಮೈ ಸುಟ್ಟು ಪೊರೆ ಏಳೋದೂ ಕಮ್ಮಿ. ಜಿಐ ಪೈಪು ಮಾತ್ರ ಬೇಡವೇ ಬೇಡ. ಅದರ ಮೇಲಿನ ಸತು ಸುಟ್ಟು ಬರುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಎಷ್ಟು ಕಾಯಿಸಬೇಕು ಅನ್ನೋಕೆ ನನ್ನ ಹತ್ತಿರ ಇರೋದು ಹಾಳಾದ ಸ್ಪೀಕರಿನ ಮ್ಯಾಗ್ನೆಟ್. ಉಕ್ಕು 770 ಡಿಗ್ರಿ ಹತ್ತಿರ ಬಂದಾಗ ಮ್ಯಾಗ್ನೆಟ್ಟಿಗೆ ಅಂಟೋದು ಬಿಡುತ್ತದೆ. ಅಂಟೋದು ಬಿಟ್ಟ ಮೇಲೂ ಕೆಂಪು ಇನ್ನೊಂದು ಬಣ್ಣ ಮೇಲೆ ಹೋಗಬೇಕು, ಆಮೇಲೆ ಅದ್ದಬೇಕು. ಈ ಕೆಲಸ ಹೊತ್ತು ಮುಳುಗಿದ ಮೇಲೆ ಇಟ್ಟುಕೊಳ್ಳಿ, ಬಿಸಿಲಲ್ಲಿ ಬಣ್ಣ ಮೋಸ ಮಾಡುತ್ತದೆ. ಅದ್ದುವ ಮುಂಚೆ ಎರಡು ಮೂರು ಸಲ ಹಾಗೇ ಕಾಯಿಸಿ, ಗಾಳಿಯಲ್ಲಿ ತಾನಾಗಿ ಆರೋಕೆ ಬಿಡೋದೂ ಮುಖ್ಯ. ತಟ್ಟಿ ತಟ್ಟಿ ಬಿಗಿದುಕೊಂಡ ಉಕ್ಕು ಅದರಲ್ಲಿ ಸಡಿಲಾಗುತ್ತದೆ. ಇದನ್ನು ಬಿಟ್ಟವರ ಕತ್ತಿ ಎಣ್ಣೆಯಲ್ಲೂ ಸೊಟ್ಟಗಾಗುತ್ತದೆ, ಆಮೇಲೆ ಎಣ್ಣೆಯನ್ನು ಬೈಯುತ್ತಾರೆ.

ಕತ್ತಿಯ ಬೆನ್ನಿಗೆ ನಾನು ಒಂದು ಮಣ್ಣು ಮೆತ್ತುತ್ತೇನೆ. ಬೆನ್ನು ಮೆತ್ತಗೆ ಉಳಿದು ಬಾಯಿ ಮಾತ್ರ ಗಟ್ಟಿಯಾಗಲಿ ಅಂತ. ಹುತ್ತದ ಮಣ್ಣು, ಇದ್ದಿಲ ಪುಡಿ, ಇನ್ನೊಂದು ಸಾಮಾನು. ಆ ಇನ್ನೊಂದನ್ನು ಹೇಳಲ್ಲ. ಎಷ್ಟು ದಪ್ಪ ಅಂತಲೂ ಹೇಳಲ್ಲ. ಬೇಕಾದವರು ಸುಟ್ಟು ಕಲಿಯಲಿ, ನಾನೂ ಹಾಗೇ ಕಲಿತದ್ದು.

ಎಣ್ಣೆಯಿಂದ ತೆಗೆದ ಕತ್ತಿ ಗಾಜಿನಷ್ಟೇ ಗಟ್ಟಿ, ಗಾಜಿನಷ್ಟೇ ಪೆಡಸು. ಕೆಳಗೆ ಬಿದ್ದರೆ ಎರಡು ತುಂಡು. ಹಳೇ ಪದ್ಧತಿಯಲ್ಲಿ ಬೆನ್ನಿನ ಬಿಸಿಯೇ ಇಳಿದು ಬಂದು ಅದನ್ನು ಸರಿಮಾಡುತ್ತಿತ್ತು. ಪೂರ್ತಿ ಮುಳುಗಿಸಿದ ಮೇಲೆ ಆ ಬಿಸಿ ಎಲ್ಲಿಂದ ಬರಬೇಕು? ಮತ್ತೆ ಬೇರೆಯಾಗಿ ಕಾಯಿಸಲೇಬೇಕು. ಅದಕ್ಕೆ ನಾನು ಹಿಡಿದದ್ದು ಕೇಕ್ ಮಾಡುವ ಕರೆಂಟ್ ಓವನ್. ಮೊದಲು ಮನೆಯದ್ದನ್ನೇ ಕುಲುಮೆಗೆ ಎತ್ತಿಕೊಂಡು ಬಂದೆ. ಆ ವರ್ಷ ಮಗಳ ಹುಟ್ಟುಹಬ್ಬದ ಕೇಕಿಗೆ ಹೊಂಗೆ ವಾಸನೆ ಬಂದ ಮೇಲೆ ನಮ್ಮನೆಯವಳು ಓವನ್ ಕಡೆ ನೋಡಿದರೂ ಬೈಯುತ್ತಾಳೆ. ಆಮೇಲೆ ಸೆಕೆಂಡ್ ಹ್ಯಾಂಡ್ ಒಂದನ್ನು ಸಾವಿರದ ಐನೂರಕ್ಕೋ ಏನೋ ತಂದೆ. 220 ಡಿಗ್ರಿ ಆಸುಪಾಸಿನಲ್ಲಿ ಒಂದೊಂದು ಗಂಟೆ, ಎರಡು ಸಲ. ಅಡುಗೆ ಚಾಕುವಾದರೆ 200 ಸಾಕು. ಓವನ್ನಿನ ಗುಂಡಿ ತೋರಿಸುವ ನಂಬರ್ ನಂಬಬೇಡಿ. ಪಕ್ಕದಲ್ಲಿ ಫಳಫಳ ಉಜ್ಜಿದ ಒಂದು ಉಕ್ಕಿನ ಚೂರು ಇಡಿ. ಅದರ ಮೇಲೆ ಒಣಹುಲ್ಲಿನ ಬಣ್ಣ ಬಂದರೆ ಸರಿ, ನೀಲಿಗೆ ತಿರುಗಿದರೆ ಕತ್ತಿ ಬಾಯಿ ನಿಲ್ಲಲ್ಲ. ಇಲ್ಲಿ ಅಜ್ಜನ ವಿದ್ಯೆಯೇ ಕೆಲಸಕ್ಕೆ ಬಂದದ್ದು, ಕರೆಂಟ್ ಮಾತ್ರ ಹೊಸದು. ನಮ್ಮ ಕಡೆ ಮಳೆಗಾಲದಲ್ಲಿ ಆ ಕರೆಂಟೂ ಇರಲ್ಲ ಅನ್ನೋದು ಬೇರೆ ಮಾತು.

ಹದ ಬಂದಿದೆಯಾ ಅಂತ ನೋಡೋಕೆ ನಾನು ಹಿತ್ತಾಳೆ ಸಲಾಕೆ ಬಳಸುತ್ತೇನೆ. ಸಾಣೆ ಹಿಡಿದ ಮೇಲೆ ಬಾಯನ್ನು ಸಲಾಕೆಯ ಮೇಲೆ ಸ್ವಲ್ಪ ಓರೆಯಾಗಿ ಒತ್ತಿ ಎಳೆಯಬೇಕು. ಬೆಳಕಿಗೆ ಹಿಡಿದರೆ ಬಾಯಿ ಕೂದಲಷ್ಟು ಬಾಗಿ ಮತ್ತೆ ನೆಟ್ಟಗಾಗೋದು ಕಾಣುತ್ತದೆ. ಬಾಗಿದ್ದು ಬಾಗಿದ ಹಾಗೇ ಉಳಿದರೆ ಮೆತ್ತಗೆ, ಚಕ್ಕೆ ಎದ್ದರೆ ಪೆಡಸು. ಗಿರಾಕಿ ಎದುರಿಗೇ ಮಾಡಿ ತೋರಿಸುತ್ತೇನೆ. ಅದಾದ ಮೇಲೆ ಯಾರೂ ಜಾಸ್ತಿ ಚೌಕಾಸಿ ಮಾಡಲ್ಲ.

ಮಾಲು ಆರಿಸೋದರ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದರೆ ಇಲ್ಲಿ ನನ್ನ ಜೇಬು ಸುಟ್ಟಿದೆ. ದೊಡ್ಡ ಲಾರಿಯ ಪ್ಲೇಟು ಹತ್ತು ಹನ್ನೆರಡು ಮಿಲಿಮೀಟರ್ ದಪ್ಪ, ಚಮ್ಮಟಿಗೆ ಹೊಡೆಯೋಕೆ ಇನ್ನೊಬ್ಬ ಬೇಕು. ಒಂಟಿ ಕೈಯವರು ಜೀಪು, ಪಿಕಪ್ಪಿನ ತೆಳ್ಳನೆ ಪ್ಲೇಟು ಹುಡುಕಿ. ನಾನು ಕೊನೆಗೆ ತಂದಾಗ ಕೇಜಿಗೆ ಅರವತ್ತು ಕೊಟ್ಟೆ, ಮಾಮೂಲಿ ಕಬ್ಬಿಣಕ್ಕಿಂತ ಜಾಸ್ತಿಯೇ. ಮಧ್ಯೆ ಬೋಲ್ಟು ತೂತಿನ ಸುತ್ತ ಬಿರುಕು ಇದ್ದೇ ಇರುತ್ತದೆ, ಆ ಭಾಗ ಕತ್ತರಿಸಿ ಎಸೆಯಿರಿ. ಉಳಿದದ್ದಕ್ಕೆ ಡೀಸೆಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಚಾಕ್‌ಪೀಸ್ ತೀಡಿ. ಬಿರುಕಿದ್ದರೆ ಒಳಗೆ ಕೂತ ಡೀಸೆಲ್ ಮೇಲೆ ಬಂದು ಚಾಕ್ ಮೇಲೆ ಗೆರೆ ಮೂಡುತ್ತದೆ. ಒಬ್ಬ ಗುಜರಿಯವನು ಪ್ಲೇಟು ಅಂತ ಹೇಳಿ ಯಾವುದೋ ಮೆತ್ತನೆ ಕಬ್ಬಿಣದ ಪಟ್ಟಿ ಅರ್ಧ ಮೂಟೆ ಕೊಟ್ಟಿದ್ದ. ಅಂದಿನಿಂದ ಗ್ರೈಂಡರಿಗೆ ತಾಗಿಸಿ ಕಿಡಿ ನೋಡದೆ ದುಡ್ಡು ಕೊಡಲ್ಲ. ಮೆತ್ತನೆ ಕಬ್ಬಿಣದ ಕಿಡಿ ಉದ್ದಕ್ಕೆ ಸುಮ್ನೆ ಹಾರುತ್ತದೆ, ಉಕ್ಕಿನದ್ದು ತುದಿಯಲ್ಲಿ ಸುರುಸುರುಬತ್ತಿ ತರ ಒಡೆಯುತ್ತದೆ.

ಈ ಎಣ್ಣೆ ಕೈಗೆ ಸಿಕ್ಕ ಮೇಲೆ ಸಿಕ್ಕಿದ್ದನ್ನೆಲ್ಲ ಅದ್ದಿ ನೋಡುವ ಹುಚ್ಚು ಹತ್ತಿತು. ಲಾರಿ ಬೇರಿಂಗಿನ ಬಳೆ ಬಿಡಿಸಿ ಚಾಕು ಮಾಡಿದೆ. ತಟ್ಟೋದು ಭಾರೀ ಕಷ್ಟ, ಸ್ವಲ್ಪ ತಣ್ಣಗಾದಾಗ ಹೊಡೆದರೂ ಸೀಳುತ್ತದೆ, ಆದರೆ ಬಾಯಿ ನಿಲ್ಲೋದು ನೋಡಿದರೆ ಖುಷಿ. ಹಳೇ ಅರ ತಟ್ಟಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಾಡಿದೆ. ಅದಕ್ಕೆ ಏಟು ಬೀಳಲ್ಲ ಅಲ್ವಾ, ಹಾಗಾಗಿ ಸ್ವಲ್ಪ ಪೆಡಸಾಗಿದ್ದರೂ ನಡೆಯುತ್ತದೆ. ಸುಲಿಯೋ ಹೆಂಗಸರು ದಿನಕ್ಕೆರಡು ಸಲ ಮಸೆಯೋದು ಈಗ ಒಂದೇ ಸಲಕ್ಕೆ ಇಳಿದಿದೆ ಅಂತಾರೆ. ಮನೆ ಕಟ್ಟುವ ಟಿಎಂಟಿ ಕಂಬಿ ನೋಡಿದೆ, ಅದರಲ್ಲಿ ಇಂಗಾಲವೇ ಕಮ್ಮಿ, ಇದ್ದಿಲು ದಂಡ. ಕಬ್ಬಿಣ ಕೊಯ್ಯುವ ಮಿಷನ್ನಿನ ಹೈಸ್ಪೀಡ್ ಗರಗಸದ ಬ್ಲೇಡಿಗೆ ನಮ್ಮ ಬೆಂಕಿಯೂ ಸಾಲದು, ನಮ್ಮ ಎಣ್ಣೆಯೂ ಬೇಡ. ಅದನ್ನು ಕಾಯಿಸದೆ ಹಾಗೇ ಸಾಣೆ ಹಿಡಿದು ಚಾಕು ಮಾಡಬೇಕು. ಕೊಬ್ಬರಿ ಎಣ್ಣೆಯೂ ನೋಡಿದ್ದೇನೆ. ಹದ ಪರವಾಗಿಲ್ಲ, ಆದರೆ ಧನುರ್ಮಾಸದ ಚಳಿಗೆ ಬೆಳಗ್ಗೆ ಬಂದು ನೋಡಿದರೆ ಬೆಣ್ಣೆ ಹಾಗೆ ಹೆಪ್ಪುಗಟ್ಟಿತ್ತು. ರೇಟು ಕೇಳಿದರೆ ಕತ್ತಿಗಿಂತ ಎಣ್ಣೆಯನ್ನೇ ಮಾರೋದು ಲಾಭ.

ಲೆಕ್ಕಕ್ಕೆ ಬರೋಣ. ಒಂದು ಕತ್ತಿಗೆ ಹತ್ತಿರ ಹತ್ತಿರ ಒಂದು ಕೇಜಿ ಪ್ಲೇಟು ಅರವತ್ತು, ಇದ್ದಿಲು ನೂರು ನೂರಿಪ್ಪತ್ತು, ಗ್ರೈಂಡರ್ ಡಿಸ್ಕು ಐವತ್ತು, ಹಿಡಿಯ ಮರ, ಅರಗು, ಬಳೆ ಸೇರಿ ಅರವತ್ತು. ಎಣ್ಣೆ, ಕರೆಂಟು ಅಂತ ಇಪ್ಪತ್ತು ಇಟ್ಟುಕೊಳ್ಳಿ. ಮುನ್ನೂರರ ಆಸುಪಾಸು ಬರುತ್ತದೆ, ನನ್ನ ಅರ್ಧ ದಿನ ಬಿಟ್ಟು. ಮೊದಲು ಏಳುನೂರಕ್ಕೆ ಮಾರುತ್ತಿದ್ದೆ, ಈಗ ಸಾವಿರದ ನೂರು. ಪೇಟೆಯಲ್ಲಿ ಫ್ಯಾಕ್ಟರಿ ಕತ್ತಿ ನಾನೂರಕ್ಕೆ ಸಿಗುತ್ತದೆ ಅಂತ ಕೆಲವರು ಮುಖ ತಿರುಗಿಸುತ್ತಾರೆ. ತಿರುಗಿಸಲಿ. ಅದರಲ್ಲಿ ಎರಡು ಮಳೆಗಾಲ ಕಳೆದವರು ಮೂರನೇದಕ್ಕೆ ನನ್ನ ಹತ್ತಿರ ಬಂದಿದ್ದಾರೆ. ನಿಜವಾದ ಉಳಿತಾಯ ರೇಟಿನಲ್ಲಿ ಅಲ್ಲ, ಒಡಕು ನಿಂತದ್ದರಲ್ಲಿ. ಈಗ ಒಂದು ಸೀಸನ್ನಿಗೆ ಒಂದೋ ಎರಡೋ ಸೊಟ್ಟಗಾಗುತ್ತವೆ, ಅವನ್ನೂ ಓವನ್ನಿಂದ ತೆಗೆದ ಬಿಸಿಯಲ್ಲೇ ಮರದ ಸಂದಿಯಲ್ಲಿಟ್ಟು ನೆಟ್ಟಗೆ ಮಾಡುತ್ತೇನೆ.

ಎಣ್ಣೆ ಎಷ್ಟು ದಿನ ಬರುತ್ತೆ ಅಂತ ಕೇಳುತ್ತಾರೆ. ನಾನು ಮೊದಲು ತುಂಬಿಸಿದ್ದೇ ಇನ್ನೂ ನಡೀತಿದೆ. ತಿಂಗಳಿಗೊಮ್ಮೆ ಹಳೇ ಪಂಚೆಯಲ್ಲಿ ಸೋಸಿ ಅಡಿಯ ಕರಿ ಪೊರೆ ತೆಗೆದು, ಕಮ್ಮಿಯಾದಷ್ಟು ಹೊಸದು ಸೇರಿಸುತ್ತೇನೆ. ಒಳಗೆ ನೀರಿನ ಹನಿ ಸೇರಬಾರದು, ಸೋರುವ ಸೂರಿನ ಕೆಳಗೆ ಪೈಪು ಇಡಬೇಡಿ. ವಾಸನೆ ಮಾತ್ರ ಹೋಗಲ್ಲ, ನನಗೆ ಈಗ ಅದು ಗೊತ್ತಾಗೋದೂ ಇಲ್ಲ. ಪಕ್ಕದೂರಿನ ಇಬ್ಬರು ಪೈಪು ಕತ್ತರಿಸಿಕೊಂಡು ಹೋಗಿದ್ದಾರೆ, ಬಜ್ಜಿ ಜೋಕು ಮಾಡಿದವರೇ. ದೊಡ್ಡಪ್ಪ ಇನ್ನೂ ಒಪ್ಪಿಲ್ಲ. ಆದರೆ ಅವರ ತೋಟದ ಕತ್ತಿ ನನ್ನದೇ. ಅದಕ್ಕೆ ದುಡ್ಡು ಕೊಟ್ಟಿಲ್ಲ, ಕೇಳೋಕೆ ನನಗೂ ಧೈರ್ಯ ಇಲ್ಲ. ದೀಪಾವಳಿ ಕಳೆದ ಮೇಲೆ ರೇಟು ಸಾವಿರದ ಇನ್ನೂರು ಮಾಡುತ್ತೇನೆ, ಬೇಕಾದವರು ಮುಂಚೆಯೇ ಹೇಳಿಡಿ.